ಒಂದೇ ಮಾತ್ರೆ ಗಂಡಿಗೂ ಹೆಣ್ಣಿಗೂ ಒಂದೇ ಆಗಿರುತ್ತದೆಯೇ?

ಮಾನಸಿಕ ಕಾಯಿಲೆಯ ಔಷಧಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ, ಗಂಡಸರು ಮತ್ತು ಹೆಂಗಸರು ಈ ಔಷಧಿಗಳನ್ನು ತೆಗೆದುಕೊಳ್ಳುವುದರಲ್ಲಿ ಇರುವ ವ್ಯತ್ಯಾಸದ ಪ್ರಶ್ನೆಗಳೇ ಹೆಚ್ಚಾಗಿದ್ದವು. ಅವುಗಳಿಗಾಗಿಯೇ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಮನೆಯಲ್ಲಿ ಹೆಂಡತಿ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಾಳೆ, ತಂಗಿ ಆತಂಕಕ್ಕೆಂದು ನುಂಗುತ್ತಾಳೆ, ಅತ್ತಿಗೆಗೆ ನಿದ್ದೆಯ ಗುಳಿಗೆ ಇಲ್ಲದೆ ರಾತ್ರಿ ಕಳೆಯುವುದಿಲ್ಲ. ಗಂಡಸರು ಯಾರೂ ಇಂಥ ಮಾತ್ರೆ ಮುಟ್ಟಿದವರಲ್ಲ. ಹೆಂಗಸರ ಮನಸ್ಸೇ ದುರ್ಬಲವೇ? — ಹಾಸನ

ಉತ್ತರ: ಅಲ್ಲ. ಆದರೆ ನೀವು ನಿಮ್ಮ ಮನೆಯಲ್ಲಿ ಕಂಡದ್ದು ಬೇರೆ ಕಡೆಯೂ ಕಾಣುವಂಥದ್ದೇ. ಅಮೆರಿಕದಲ್ಲಿ 2015ರಿಂದ 2018ರವರೆಗೆ ನಡೆದ ಸರ್ಕಾರಿ ಸಮೀಕ್ಷೆಯಲ್ಲಿ, ಹಿಂದಿನ 30 ದಿನಗಳಲ್ಲಿ ಖಿನ್ನತೆಯ ಔಷಧಿ ತೆಗೆದುಕೊಂಡವರು ವಯಸ್ಕ ಹೆಂಗಸರಲ್ಲಿ ಶೇ 17.7, ಗಂಡಸರಲ್ಲಿ ಶೇ 8.4. ಅಂದರೆ ಎರಡು ಪಟ್ಟು. ಅರವತ್ತು ದಾಟಿದ ಹೆಂಗಸರಲ್ಲಂತೂ ನಾಲ್ವರಲ್ಲಿ ಒಬ್ಬರು.

ಈಗ ಇದರ ಪಕ್ಕದಲ್ಲಿ ನಮ್ಮ ದೇಶದ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಿ. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಸಮೀಕ್ಷೆಯ ಹೊತ್ತಿಗೆ ಯಾವುದಾದರೊಂದು ಮಾನಸಿಕ ತೊಂದರೆಯಲ್ಲಿದ್ದವರು ಗಂಡಸರಲ್ಲಿ ಶೇ 13.9, ಹೆಂಗಸರಲ್ಲಿ ಶೇ 7.5. ಖಿನ್ನತೆ ಮತ್ತು ಆತಂಕ ಹೆಂಗಸರಲ್ಲಿ ಹೆಚ್ಚು ಎಂಬುದು ನಿಜ. ಆದರೆ ಕುಡಿತದ ಚಟವೂ ಕಾಯಿಲೆಯೇ, ಅದನ್ನು ಸೇರಿಸಿಕೊಂಡು ಎಣಿಸಿದಾಗ ಗಂಡಸರ ಸಂಖ್ಯೆಯೇ ಮೇಲೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಮಾತ್ರೆಯ ಡಬ್ಬಿ ಯಾರ ಹೆಸರಿನಲ್ಲಿದೆ ಎಂಬುದರಿಂದ ಕಾಯಿಲೆ ಯಾರಿಗಿದೆ ಎಂದು ತಿಳಿಯುವುದಿಲ್ಲ.

ಹೆಂಗಸರಲ್ಲಿ ಖಿನ್ನತೆ ಹೆಚ್ಚಿರುವುದಕ್ಕೆ ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ ಇವುಗಳಲ್ಲಿ ಆಗುವ ಹಾರ್ಮೋನಿನ ಏರಿಳಿತ ಒಂದು ಕಾರಣ. ಮನೆಯೊಳಗಿನ ಹೊಡೆತ ಬಡಿತ, ಕೈಯಲ್ಲಿ ದುಡ್ಡಿಲ್ಲದಿರುವುದು, ಬೆಳಗಿನ ಒಲೆಯಿಂದ ರಾತ್ರಿಯ ಪಾತ್ರೆಯವರೆಗೆ ಮುಗಿಯದ ದುಡಿಮೆ ಇವೂ ಅಷ್ಟೇ ದೊಡ್ಡ ಕಾರಣಗಳು. ಇನ್ನು, ವೈದ್ಯರ ಬಳಿಗೆ ಯಾರು ಹೋಗುತ್ತಾರೆ ಎಂಬುದನ್ನೂ ನೋಡಬೇಕು. ಹೆಂಗಸು ತಲೆನೋವು, ಮೈಕೈ ನೋವು, ಎದೆ ಡವಡವ ಎಂದಾದರೂ ಹೇಳಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆ. ಗಂಡಸಿನಲ್ಲಿ ಅದೇ ಖಿನ್ನತೆ ಸಿಡುಕಾಗಿ, ಕೆಲಸಕ್ಕೆ ಚಕ್ಕರ್ ಹೊಡೆಯುವುದಾಗಿ, ಸಂಜೆಯ ಕುಡಿತವಾಗಿ ಹೊರಬರುತ್ತದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಅವನ ಸ್ವಭಾವವೇ ಹಾಗೆ ಎನ್ನುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ, ಅವರಲ್ಲಿ ಶೇ 70ಕ್ಕಿಂತ ಹೆಚ್ಚು ಜನ ಗಂಡಸರು. ಮಾತ್ರೆ ಮುಟ್ಟದಿರುವುದನ್ನು ನಾವು ಗಟ್ಟಿತನವೆಂದು ಎಣಿಸುತ್ತಿರುವಾಗ ಈ ಸಂಖ್ಯೆಯನ್ನು ಮರೆಯಬಾರದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹೆಂಗಸು ಸುಸ್ತು, ಬೇಸರ, ನಿದ್ದೆಯಿಲ್ಲ ಎಂದ ಕೂಡಲೇ ಪರೀಕ್ಷೆಯನ್ನೇ ಮಾಡದೆ ಒಂದು ಮಾತ್ರೆ ಬರೆದು ಕಳುಹಿಸುವ ಅಭ್ಯಾಸ ನಮ್ಮ ವೃತ್ತಿಯಲ್ಲಿ ಇದೆ. ನನ್ನ ಬಳಿಗೆ ಬಂದ ಒಬ್ಬ ತಾಯಿ ಎರಡು ವರ್ಷ ‘ನರದ ಮಾತ್ರೆ’ ನುಂಗಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬೆಳ್ಳಗಿತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಅವರಿಗೆ ಮೊದಲು ಬೇಕಾಗಿದ್ದುದು ಕಬ್ಬಿಣಾಂಶ. ನಿಮ್ಮ ಮನೆಯ ಮೂವರಿಗೂ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆಗಿದ್ದು, ಖಿನ್ನತೆ ಇರುವುದು ಖಚಿತವಾಗಿದ್ದರೆ ನಿಮ್ಮ ಪತ್ನಿ ಮಾತ್ರೆ ಮುಂದುವರಿಸಲಿ, ಅದರಲ್ಲಿ ತಲೆ ತಗ್ಗಿಸಬೇಕಾದದ್ದು ಏನೂ ಇಲ್ಲ. ಖಿನ್ನತೆಯಲ್ಲಿರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ನಿಮ್ಹಾನ್ಸ್‌ನ ಅದೇ ಸಮೀಕ್ಷೆ ಹೇಳಿದೆ. ಸಿಕ್ಕ ಹದಿನೈದು ಜನರಲ್ಲಿ ನಿಮ್ಮ ಮನೆಯವರೂ ಒಬ್ಬರು.

ಪ್ರಶ್ನೆ: ನನಗೆ 54 ವರ್ಷ. ನಿದ್ದೆ ಬಾರದೆಂದು ನಾನೂ ನಮ್ಮ ಯಜಮಾನರೂ ಜೋಲ್ಪಿಡೆಮ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತೇವೆ. ಅವರು ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತಾರೆ. ನನಗೆ ಹಾಲು ಕಾಯಿಸುವಾಗಲೂ ತಲೆ ತೂಗುತ್ತದೆ, ಎರಡು ಸಲ ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯಲಿಲ್ಲ. ಮಾತ್ರೆ ಒಂದೇ ಅಲ್ಲವೇ? — ದಾವಣಗೆರೆ

ಉತ್ತರ: ಮಾತ್ರೆ ಒಂದೇ, ಆದರೆ ಅದು ನಿಮ್ಮ ರಕ್ತದಿಂದ ಖಾಲಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇದು ನಿಮ್ಮ ಭ್ರಮೆಯಲ್ಲ. ನೀವು ಹೆಸರಿಸಿದ ಈ ಔಷಧಿಯ ವಿಷಯದಲ್ಲಿಯೇ ಇದು ಸ್ಪಷ್ಟವಾಗಿ ಸಾಬೀತಾಗಿದೆ. ಈ ಮಾತ್ರೆ ಅಮೆರಿಕದಲ್ಲಿ ಬಳಕೆಗೆ ಬಂದು ಇಪ್ಪತ್ತು ವರ್ಷಗಳಾದ ಮೇಲೆ, 2013ರ ಜನವರಿಯಲ್ಲಿ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಹೆಂಗಸರಿಗೆ ಶಿಫಾರಸು ಮಾಡುವ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ, ಅಂದರೆ ಅರ್ಧಕ್ಕೆ ಇಳಿಸಿತು. 10 ಮಿಲಿಗ್ರಾಂ ನುಂಗಿ ಎಂಟು ಗಂಟೆ ಕಳೆದ ಮೇಲೂ, ವಾಹನ ಓಡಿಸಲು ಅಪಾಯವೆನಿಸುವಷ್ಟು ಔಷಧಿ ಸುಮಾರು ಶೇ 15ರಷ್ಟು ಹೆಂಗಸರ ರಕ್ತದಲ್ಲಿ ಉಳಿದಿತ್ತು. ಗಂಡಸರಲ್ಲಿ ಹಾಗೆ ಉಳಿದದ್ದು ಸುಮಾರು ಶೇ 3ರಷ್ಟು ಜನರಲ್ಲಿ.

ಇಪ್ಪತ್ತು ವರ್ಷ ಏಕೆ ಬೇಕಾಯಿತು ಎಂದು ನೀವು ಕೇಳಬಹುದು, ಕೇಳಲೇಬೇಕು. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಮೊದಲ ಹಂತಗಳಿಂದ ಬಸಿರಾಗಬಲ್ಲ ವಯಸ್ಸಿನ ಹೆಂಗಸರನ್ನು ದೂರವಿಡಬೇಕೆಂದು ಅದೇ ಸಂಸ್ಥೆ 1977ರಲ್ಲಿ ಸೂಚಿಸಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಾಗಬಾರದೆಂಬ ಕಾಳಜಿ ಅದರ ಹಿಂದೆ ಇತ್ತು. ಅದು ಒಳ್ಳೆಯ ಕಾಳಜಿಯೇ. ಆದರೆ ಅದರ ಫಲವಾಗಿ ಎಷ್ಟೋ ಔಷಧಿಗಳ ಪ್ರಮಾಣ ಗಂಡಸರ ಮೈಯ ಅಳತೆಯಲ್ಲಿ ನಿಗದಿಯಾಯಿತು. 1993ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡರು. ಅಲ್ಲಿಯವರೆಗೆ ಬಂದ ಔಷಧಿಗಳ ಲೆಕ್ಕವನ್ನು ಮಾತ್ರ ಯಾರೂ ಮೊದಲಿನಿಂದ ಹಾಕಲಿಲ್ಲ.

ಸಾಮಾನ್ಯವಾಗಿ ಹೆಂಗಸರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಹೊಟ್ಟೆ ಖಾಲಿಯಾಗುವ ವೇಗ ಕಡಿಮೆ, ಮೂತ್ರಪಿಂಡಗಳು ಸೋಸುವ ಪ್ರಮಾಣವೂ ಸ್ವಲ್ಪ ಕಡಿಮೆ. ಡೈಯಾಜೆಪಾಮ್‌ನಂಥ ಕೊಬ್ಬಿನಲ್ಲಿ ಕರಗುವ ಔಷಧಿಗಳು ಅಲ್ಲಿ ಹೆಚ್ಚು ಕಾಲ ತಂಗುತ್ತವೆ. ಆದರೆ ಇದನ್ನು ಹಿಡಿದುಕೊಂಡು ಎಲ್ಲ ಮಾತ್ರೆಗಳನ್ನೂ ಅರ್ಧ ಮುರಿಯಲು ಹೋಗಬೇಡಿ. ಎಷ್ಟೋ ಔಷಧಿಗಳಲ್ಲಿ ವ್ಯತ್ಯಾಸ ತೀರ ಕಡಿಮೆ, ವಯಸ್ಸು ಮತ್ತು ಯಕೃತ್ತಿನ ಸ್ಥಿತಿಯೇ ಅಲ್ಲಿ ಮುಖ್ಯ.

ನಿಮ್ಮ ಪತ್ರದ ಕೊನೆಯಲ್ಲಿ, ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಆರು ವರ್ಷಗಳಿಂದ ತರಿಸುತ್ತಿರುವುದಾಗಿ ಬರೆದಿದ್ದೀರಿ. ಜೋಲ್ಪಿಡೆಮ್, ಆಲ್ಪ್ರಾಜೋಲಾಮ್, ಡೈಯಾಜೆಪಾಮ್ ಇವು ಎಚ್1 ಪಟ್ಟಿಯ ಔಷಧಿಗಳು. ಇವನ್ನು ಕೊಡುವ ಅಂಗಡಿಯವರು ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕೆಂಬ ನಿಯಮವಿದೆ. ಆರು ವರ್ಷಗಳ ಹಿಂದಿನ ಚೀಟಿ ಇಂದಿನ ನಿಮ್ಮ ದೇಹಕ್ಕೆ ಬರೆದದ್ದಲ್ಲ. ಆದರೆ ನಾಳೆಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ. ಬಹುಕಾಲ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ತಟ್ಟನೆ ಬಿಟ್ಟರೆ ನಡುಕ, ವಿಪರೀತ ಆತಂಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರನ್ನು ಕಂಡು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವಾಗಿನ ಮೈಬಿಸಿಯೇ ನಿದ್ದೆ ಕೆಡಿಸುತ್ತಿರಬಹುದು, ಅದನ್ನೂ ಅವರಿಗೆ ತಪ್ಪದೆ ಹೇಳಿ.

ಪ್ರಶ್ನೆ: ಮಗಳಿಗೆ 26 ವರ್ಷ. ನಾಲ್ಕು ವರ್ಷಗಳಿಂದ ಬೈಪೋಲಾರ್ (ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ) ಕಾಯಿಲೆಗೆ ಲಿಥಿಯಂ ಮಾತ್ರೆ ತಗೋತಾಳೆ, ಚೆನ್ನಾಗಿದ್ದಾಳೆ. ಈಗ ಏಳು ತಿಂಗಳ ಬಸುರಿ, ಬಾಣಂತನಕ್ಕೆ ನಮ್ಮ ಮನೆಗೆ ಬರುತ್ತಾಳೆ. ಮಾತ್ರೆ ನಿಲ್ಲಿಸಿರಿ ಎಂದು ಬೀಗರು ಹೇಳುತ್ತಿದ್ದಾರೆ. ನಮ್ಮ ಅತ್ತೆಯವರು ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಹಸಿ ಮೈ ನೀರಾಡುತ್ತದೆ ಎನ್ನುತ್ತಾರೆ. ಏನು ಮಾಡಲಿ? — ವಿಜಯಪುರ

ಉತ್ತರ: ತಾಯಿ, ಈ ಬಾರಿ ಬಂದ ಪತ್ರಗಳಲ್ಲಿ ತಡಮಾಡದೆ ಉತ್ತರಿಸಬೇಕಾದದ್ದು ನಿಮ್ಮದೇ ಎಂದು ಅನಿಸಿದ್ದರಿಂದ ನಿಮಗೆ ಅಂಚೆಯಲ್ಲಿಯೂ ಬರೆದಿದ್ದೇನೆ. ಇಲ್ಲಿ ಮತ್ತೆ ಬರೆಯುವುದು ನಿಮ್ಮಂಥ ಉಳಿದ ತಾಯಂದಿರಿಗಾಗಿ.

ನೀರಿನ ಮಾತು ಮೊದಲು. ಲಿಥಿಯಂ ಒಂದು ಲವಣ. ಅದು ಮೈಯಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕವೇ. ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರಪಿಂಡ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಅವುಗಳ ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಈ ಔಷಧಿಯಲ್ಲಿ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ. ಬಸಿರಿನಲ್ಲಿ ಮೂತ್ರಪಿಂಡಗಳು ಹೆಚ್ಚು ಸೋಸುವುದರಿಂದ ರಕ್ತದಲ್ಲಿ ಲಿಥಿಯಂ ಇಳಿಯುತ್ತದೆ, ಅದಕ್ಕಾಗಿ ಕೆಲವು ಸಲ ಮಾತ್ರೆ ಹೆಚ್ಚಿಸಬೇಕಾಗುತ್ತದೆ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಆ ಸೋಸುವಿಕೆ ಮೊದಲಿನ ಮಟ್ಟಕ್ಕೆ ಬರುತ್ತದೆ, ಆಗ ಹೆಚ್ಚಿಸಿದ ಅದೇ ಪ್ರಮಾಣವನ್ನು ಮುಂದುವರಿಸಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮನೆಗಳಲ್ಲಿ ಬಾಣಂತಿಯನ್ನು ಬೆಚ್ಚಗೆ ಹೊದಿಸಿ, ಬಿಸಿನೀರೆರೆದು ಬೆವರಿಸಿ, ಕುಡಿಯುವ ನೀರನ್ನು ಮಾತ್ರ ಅಳೆದು ಕೊಡುತ್ತಾರೆ. ಈ ಮೂರೂ ಕೂಡಿದರೆ ಆಗುವ ಅನಾಹುತವನ್ನು ನಾನು ಕಂಡಿದ್ದೇನೆ. ಹೆರಿಗೆಯಾಗಿ ಒಂಬತ್ತು ದಿನವಾಗಿದ್ದ ಒಬ್ಬ ಬಾಣಂತಿಯನ್ನು ದಾಖಲು ಮಾಡಿದಾಗ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳಲೂ ಆಗುತ್ತಿರಲಿಲ್ಲ, ನಾಲಿಗೆ ತೊದಲುತ್ತಿತ್ತು, ನಡೆದರೆ ತೂರಾಡುತ್ತಿದ್ದಳು. ಸೋಂಕು ತಗುಲಿದೆ ಎಂದು ಮನೆಯವರು ಮೂರು ದಿನ ಕಳೆದಿದ್ದರು. ಪುಣ್ಯಕ್ಕೆ ಉಳಿದಳು. ಅವಳ ತಾಯಿ ವಾರ್ಡಿನಲ್ಲಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು, “ನೀರು ಕೊಡ್ರಿ ಅಂತ ನಮಗ ಯಾರೂ ಹೇಳಲಿಲ್ಲಲ್ರಿ?” ಮಾತ್ರೆ ಬರೆದ ನಾವೇ ಹೇಳಬೇಕಿತ್ತು.

ಆದ್ದರಿಂದ ನಿಮ್ಮ ಅತ್ತೆಯವರಿಗೆ ಗೌರವದಿಂದಲೇ ತಿಳಿಸಿ: ಲಿಥಿಯಂ ತೆಗೆದುಕೊಳ್ಳುವ ಬಾಣಂತಿಗೆ ಬಾಯಾರಿದಾಗಲೆಲ್ಲ ನೀರು ಬೇಕೇಬೇಕು, ಊಟದಲ್ಲಿ ಎಂದಿನಷ್ಟು ಉಪ್ಪು ಬೇಕು. ಹಾಗೆ ನೋಡಿದರೆ ಯಾವ ಬಾಣಂತಿಗೂ ನೀರು ಕಡಿಮೆ ಮಾಡಬಾರದು. ಹೆರಿಗೆಯ ನೋವಿಗೆಂದು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ, ಹೆರಿಗೆ ಮಾಡಿಸುವ ವೈದ್ಯರಿಗೆ ಇದನ್ನು ಮೊದಲೇ ತಿಳಿಸಿರಿ. ವಾಂತಿ, ಭೇದಿ, ಜೋರು ನಡುಕ, ತೊದಲು ಮಾತು, ಮಂಪರು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಬೀಗರ ಮಾತು. ಅವರ ಭಯ ಅರ್ಥವಾಗುವಂಥದ್ದೇ. ಆದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಮೇಲೆ ಲಿಥಿಯಂ ಪರಿಣಾಮದ ಅಪಾಯ ಇರುವುದು ಮೊದಲ ಮೂರು ತಿಂಗಳಲ್ಲಿ, ಅದೂ ಹಿಂದೆ ನಂಬಿದ್ದಕ್ಕಿಂತ ಕಡಿಮೆ ಎಂದು ಈಗ ತಿಳಿದಿದೆ. ನಿಮ್ಮ ಮಗಳು ಆ ಹಂತ ದಾಟಿದ್ದಾಳೆ. ಈಗ ಮುಂದಿರುವ ದೊಡ್ಡ ಅಪಾಯ ಹೆರಿಗೆಯ ನಂತರದ್ದು. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಾರಲ್ಲ, ಅದು ಸಾಮಾನ್ಯವಾಗಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುತ್ತದೆ, ಬೈಪೋಲಾರ್ ಇರುವವರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಲ್ಲಿ, ಬಸಿರಿನಲ್ಲಿ ಔಷಧಿ ಇಲ್ಲದೆ ಇದ್ದ ಬೈಪೋಲಾರ್ ಮಹಿಳೆಯರಲ್ಲಿ ಶೇ 66 ಜನರಿಗೆ ಹೆರಿಗೆಯ ನಂತರ ಕಾಯಿಲೆ ಮರುಕಳಿಸಿತ್ತು, ಔಷಧಿ ತೆಗೆದುಕೊಂಡವರಲ್ಲಿ ಶೇ 23 ಜನರಿಗೆ. ಈ ಎರಡು ಸಂಖ್ಯೆಗಳನ್ನು ಬೀಗರಿಗೆ ಓದಿ ಹೇಳಿ. ಮಾತ್ರೆ ಮುಂದುವರಿಸಬೇಕೇ, ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಮನೋವೈದ್ಯರು ಮತ್ತು ಹೆರಿಗೆಯ ವೈದ್ಯರು ಕೂಡಿ, ರಕ್ತದಲ್ಲಿನ ಮಟ್ಟ ನೋಡುತ್ತ ನಿರ್ಧರಿಸಲಿ. ಲಿಥಿಯಂ ಎದೆಹಾಲಿನಲ್ಲಿ ಸೇರುವುದರಿಂದ ಹಾಲೂಡಿಸುವ ತೀರ್ಮಾನವೂ ಅವರದೇ ಆಗಬೇಕು. ರಾತ್ರಿ ಮಗುವನ್ನು ನೀವು ನೋಡಿಕೊಂಡು ಮಗಳಿಗೆ ನಿದ್ದೆ ಸಿಗುವಂತೆ ಮಾಡಿದರೆ ಅದೂ ಔಷಧಿಯ ಜೊತೆಗೆ ದೊಡ್ಡ ಸಹಾಯ. ಕಾಯಿಲೆ ಮರುಕಳಿಸಿದರೂ ತಾಯಿಯನ್ನೂ ಮಗುವನ್ನೂ ಅಗಲಿಸಬೇಕಾಗಿಲ್ಲ, ನಿಮ್ಹಾನ್ಸ್‌ನಲ್ಲಿ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ತಾಯಿ-ಮಗು ವಿಭಾಗವಿದೆ.

ಇದೇ ಕಾಯಿಲೆಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿರುವ, ಮುಂದೆ ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳಿಗೆ ಬೇರೆಯೇ ಮಾತು ಹೇಳಬೇಕಾಗಿದೆ. ಬಸಿರಿನಲ್ಲಿ ಆ ಔಷಧಿ ತೆಗೆದುಕೊಂಡವರ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಅಂಗವೈಕಲ್ಯ, 30ರಿಂದ 40 ಮಕ್ಕಳಿಗೆ ಕಲಿಕೆ ಮತ್ತು ಬೆಳವಣಿಗೆಯ ತೊಂದರೆ ಕಂಡಿದೆ. ಯುರೋಪಿನಲ್ಲಿ ಬಸಿರು ತಡೆಯುವ ಖಚಿತ ಏರ್ಪಾಡಿಲ್ಲದೆ ಇದನ್ನು ಆ ವಯಸ್ಸಿನ ಹೆಂಗಸರಿಗೆ ಕೊಡುವಂತಿಲ್ಲ ಎಂದು 2018ರಲ್ಲಿ ಕಟ್ಟುನಿಟ್ಟು ಮಾಡಿದರು. 2024ರಲ್ಲಿ, ತಂದೆಯಾಗಲಿರುವ ಗಂಡಸರಿಗೂ ಎಚ್ಚರಿಕೆ ಹೇಳಬೇಕೆಂದು ಸೇರಿಸಿದರು. ನಮ್ಮಲ್ಲಿ ಮದುವೆ ಗೊತ್ತಾದ ಹುಡುಗಿಯ ಚೀಟಿಯಲ್ಲಿ ಈ ಹೆಸರು ಈಗಲೂ ಕಾಣುತ್ತದೆ. ನಿಮ್ಮ ಚೀಟಿಯಲ್ಲಿದ್ದರೆ ಬಸಿರಿಗೆ ಮೊದಲೇ ವೈದ್ಯರನ್ನು ಕೇಳಿ, ಬಸುರಾಗಿದ್ದೀರಿ ಎಂದು ಗೊತ್ತಾದರೆ ನೀವಾಗಿಯೇ ನಿಲ್ಲಿಸದೆ ಅದೇ ದಿನ ಅವರನ್ನು ಕಾಣಿ.

ಪ್ರಶ್ನೆ: ನಮ್ಮ ಮನೆಯವರು ದಿನವೂ ಕುಡಿಯುತ್ತಾರೆ. ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲಿ ಹಾಕಿ ಕೊಡಬಹುದೆಂದು ಪಕ್ಕದ ಮನೆಯವರು ಹೇಳಿ, ಒಂದು ಸ್ಟ್ರಿಪ್ ತಂದೂ ಕೊಟ್ಟಿದ್ದಾರೆ. ಹಾಕಲೇ? — ಮಂಡ್ಯ

ಉತ್ತರ: ಬೇಡ ತಂಗಿ, ದಯವಿಟ್ಟು ಹಾಕಬೇಡಿ. ಡೈಸಲ್ಫಿರಾಂ ಎಂಬ ಆ ಮಾತ್ರೆ ಕುಡಿಯುವ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಮದ್ಯ ಮೈಯಲ್ಲಿ ಕರಗುವಾಗ ನಡುವೆ ಉಂಟಾಗುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಮುಂದೆ ಕರಗದಂತೆ ತಡೆಹಿಡಿಯುತ್ತದೆ. ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ನೋಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಹೃದಯ ದುರ್ಬಲವಾಗಿರುವವರು ಸಾಯಲೂಬಹುದು. ಕೊನೆಯ ಮಾತ್ರೆಯಾಗಿ ಎರಡು ವಾರಗಳವರೆಗೂ ಈ ಅಪಾಯ ಇರುತ್ತದೆ. ಕುಡಿದರೆ ಹೀಗಾಗುತ್ತದೆ ಎಂದು ತಿಳಿದು, ಒಪ್ಪಿ, ಆ ಭಯದಿಂದಲೇ ಕುಡಿಯದೆ ಉಳಿಯುವವನಿಗಾಗಿ ಇರುವ ಔಷಧಿ ಇದು. ಗೊತ್ತಿಲ್ಲದೆ ನುಂಗಿದವನಿಗೆ ಅದು ವಿಷವೇ.

ಹೆಂಗಸರು ತಮ್ಮ ಕಾಯಿಲೆಯ ಮಾತ್ರೆಯನ್ನು ಗಂಡನಿಗೆ ಗೊತ್ತಾಗದಂತೆ ಅಕ್ಕಿ ಡಬ್ಬಿಯಲ್ಲಿ ಅಡಗಿಸಿಡುವುದನ್ನು, ಗಂಡನ ಕಾಯಿಲೆಯ ಮಾತ್ರೆಯನ್ನು ಅವನಿಗೆ ಗೊತ್ತಾಗದಂತೆ ಸಾರಿಗೆ ಹಾಕುವುದನ್ನು, ಎರಡನ್ನೂ ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಎರಡೂ ಬೇರೆ ದಾರಿ ಕಾಣದೆ ಮಾಡುವ ಕೆಲಸಗಳೇ, ನಿಮ್ಮನ್ನು ದೂರುವ ಮನಸ್ಸು ನನಗಿಲ್ಲ. ಆದರೆ ದಾರಿ ಇದೆ. ಕುಡಿಯುವ ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಔಷಧಿಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ಸಿಗುವ ಏರ್ಪಾಡು ಆಗಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಅವರು ಬರಲು ಒಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ. ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರನೆಯ ದಿನ ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣುವುದು ಆಗಬಹುದು. ಹಾಗಾಗಿ ಆಣೆ ಹಾಕಿಸಿ ಮನೆಯಲ್ಲಿಯೇ ಬಿಡಿಸುವ ಪ್ರಯತ್ನವೂ ಬೇಡ.

ಪ್ರಶ್ನೆ: ನನಗೆ 29 ವರ್ಷ. ಎಸಿಟಲೊಪ್ರಾಂ ತೆಗೆದುಕೊಂಡ ನಾಲ್ಕು ತಿಂಗಳಲ್ಲಿ ಖಿನ್ನತೆ ಹೋಯಿತು, ಆದರೆ ಲೈಂಗಿಕ ಶಕ್ತಿ ಕುಗ್ಗಿದಂತಾಯಿತು. ನಿಶ್ಚಿತಾರ್ಥ ಹತ್ತಿರವಿದೆ. ಹೆದರಿ ಮಾತ್ರೆ ಬಿಟ್ಟೆ. ಈಗ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುತ್ತದೆ. ನಾನು ಹಾಳಾದೆನೇ? — ಹುಬ್ಬಳ್ಳಿ

ಉತ್ತರ: ಇಲ್ಲ. ಈಗ ಆಗುತ್ತಿರುವುದು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದ್ದರಿಂದ. ವೈದ್ಯರನ್ನು ಕಂಡು ಮತ್ತೆ ಶುರುಮಾಡಿ ನಿಧಾನವಾಗಿ ಇಳಿಸಿದರೆ ಹೋಗುತ್ತದೆ. ಈ ಗುಂಪಿನ ಔಷಧಿಗಳಿಂದ ಲೈಂಗಿಕ ತೊಂದರೆ ಆಗುವುದು ಬಹಳ ಸಾಮಾನ್ಯ, ಅದಕ್ಕೆ ಪರಿಹಾರಗಳೂ ಇವೆ. ಪ್ರಮಾಣ ಇಳಿಸಬಹುದು, ಬ್ಯುಪ್ರೊಪಿಯಾನ್ ಅಥವಾ ಮಿರ್ಟಜಪಿನ್‌ನಂಥ ಬೇರೆ ಔಷಧಿಗೆ ಬದಲಾಯಿಸಬಹುದು. ನಾಲ್ಕು ತಿಂಗಳಿಗೆ ಚಿಕಿತ್ಸೆ ಮುಗಿಯಿತೆಂದು ಮಾತ್ರ ತಿಳಿಯಬೇಡಿ, ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ವಾಡಿಕೆ.

ಗಂಡಸರು ಮಾತ್ರೆ ಬಿಡಲು ಇದು ದೊಡ್ಡ ಕಾರಣ. ಹೇಳಲು ನಾಚಿ ಸುಮ್ಮನೆ ಚಿಕಿತ್ಸೆಯನ್ನೇ ಬಿಟ್ಟುಬಿಡುತ್ತಾರೆ. ಹೆಂಗಸರಿಗೂ ಇದೇ ತೊಂದರೆ ಆಗುತ್ತದೆ, ಆಸೆ ಬತ್ತುತ್ತದೆ. ಆದರೆ ಅವರು ಮಾತ್ರೆಯನ್ನೂ ಬಿಡುವುದಿಲ್ಲ, ಬಾಯಿಯನ್ನೂ ಬಿಡುವುದಿಲ್ಲ, ನಾವೂ ಕೇಳುವುದಿಲ್ಲ. ನಿಮ್ಮ ಪತ್ರ ಓದಿದ ಮೇಲೆ ನನ್ನ ಹಳೆಯ ಕಡತಗಳನ್ನು ತೆಗೆದು ನೋಡಿದೆ. ಗಂಡಸರ ಚೀಟಿಗಳಲ್ಲಿ ಈ ಬಗ್ಗೆ ಒಂದು ಸಾಲು ಬರೆದಿದ್ದೇನೆ, ಹೆಂಗಸರ ಎಷ್ಟೋ ಚೀಟಿಗಳಲ್ಲಿ ಆ ಸಾಲೇ ಇಲ್ಲ. ಇದು ನನ್ನ ತಪ್ಪು, ತಿದ್ದಿಕೊಳ್ಳುತ್ತಿದ್ದೇನೆ. ಸ್ಕಿಜೋಫ್ರೇನಿಯಾದಂಥ ಕಾಯಿಲೆಗಳಿಗೆ ಕೊಡುವ ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ತೆಗೆದುಕೊಳ್ಳುವ ಹೆಂಗಸರಿಗೆ ಪ್ರೊಲ್ಯಾಕ್ಟಿನ್ ಹಾರ್ಮೋನು ಏರಿ ಮುಟ್ಟು ನಿಲ್ಲಬಹುದು, ಎದೆಯಲ್ಲಿ ಹಾಲು ಬರಬಹುದು. ಗಂಡಸರಲ್ಲಿಯೂ ಎದೆ ಉಬ್ಬಬಹುದು. ಕೇಳದಿದ್ದರೂ ವೈದ್ಯರಿಗೆ ಹೇಳಿ.

ಪ್ರಶ್ನೆ: ಮಗಳು ಸ್ಕಿಜೋಫ್ರೇನಿಯಾಕ್ಕೆ ಔಷಧಿ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ. ಮದುವೆಯ ಮಾತು ಬಂದಿದೆ. ಮುಚ್ಚಿಟ್ಟು ಮಾಡಿ, ಮಾತ್ರೆ ನಿಲ್ಲಿಸಿ ಎಂದು ನೆಂಟರು ಹೇಳುತ್ತಾರೆ. — ಉಡುಪಿ

ಉತ್ತರ: ಎರಡನ್ನೂ ಮಾಡಬೇಡಿ. ಮದುವೆಯ ಓಡಾಟ, ನಿದ್ದೆಗೇಡು, ಹೊಸ ಮನೆ, ಅದರ ಮೇಲೆ ಮಾತ್ರೆಯಿಲ್ಲದಿರುವುದು ಇವು ಕೂಡಿದರೆ ಕಾಯಿಲೆ ಮರುಕಳಿಸುವುದು ಬಹುಮಟ್ಟಿಗೆ ಖಚಿತ. ಬಚ್ಚಿಟ್ಟಿದ್ದೇ ಮುಂದೆ ಮದುವೆ ಅಸಿಂಧುವಾಗಲು ಕಾರಣವಾಗಬಹುದು. ಹೇಳಿ ಮಾಡಿದರೆ ಕಾನೂನು ನಿಮ್ಮ ಮಗಳ ಕಡೆಗಿದೆ. ಸ್ಕಿಜೋಫ್ರೇನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಜೊತೆಗೆ ಬಾಳಲು ಆಗದಷ್ಟು ತೀವ್ರವಾಗಿದೆ ಎಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 1988ರಲ್ಲಿಯೇ ಹೇಳಿದೆ. ಕಾಯಿಲೆಯ ಗಂಡನನ್ನು ಹೆಂಡತಿ ನೋಡಿಕೊಳ್ಳುತ್ತಾಳೆ, ಕಾಯಿಲೆಯ ಹೆಂಡತಿಯನ್ನು ತವರಿಗೆ ಕಳುಹಿಸಿಬಿಡುತ್ತಾರೆ. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಸಂಶೋಧಕರು ಹೀಗೆ ಮದುವೆ ಮುರಿದ ಹೆಂಗಸರ ಪಾಡನ್ನು ದಾಖಲಿಸಿದ್ದಾರೆ. ಈ ಅನ್ಯಾಯ ಗೊತ್ತಿದ್ದೂ ನಾನು ಹೇಳಿ ಮಾಡಿ ಎನ್ನುತ್ತಿರುವುದು ಏಕೆಂದರೆ, ಗೊತ್ತಿದ್ದು ಒಪ್ಪಿದ ಮನೆಯಲ್ಲಿ ಮಾತ್ರ ಅವಳು ರಾತ್ರಿ ಊಟವಾದ ಮೇಲೆ ಎಲ್ಲರೆದುರು ಮಾತ್ರೆ ನುಂಗಬಹುದು. ಮೊದಲ ಭೇಟಿಯಲ್ಲಿಯೇ ಹೇಳಬೇಕಿಲ್ಲ, ಮಾತು ಮುಂದುವರಿಯುವುದು ಖಚಿತವಾದಾಗ ಹುಡುಗನನ್ನೇ ಮನೋವೈದ್ಯರ ಬಳಿ ಕರೆತನ್ನಿ.

ಪ್ರಶ್ನೆ: ತಮ್ಮ ಸ್ಕಿಜೋಫ್ರೇನಿಯಾದ ಔಷಧಿ ಕ್ಲೋಜಪಿನ್ ತೆಗೆದುಕೊಳ್ಳುತ್ತಾನೆ. ತಿಂಗಳ ಹಿಂದೆ ಬೀಡಿ ಬಿಟ್ಟ, ನಮಗೆಲ್ಲ ಖುಷಿ. ಆದರೆ ಅಂದಿನಿಂದ ಹಗಲೂ ನಿದ್ದೆ, ಜೊಲ್ಲು, ಮಲಬದ್ಧತೆ. ಅದೇ ಮಾತ್ರೆ ತೆಗೆದುಕೊಳ್ಳುವ ಚಿಕ್ಕಮ್ಮನಿಗೆ ಅವನ ಅರ್ಧ ಪ್ರಮಾಣವೇ ಸಾಕಾಗಿದೆ. — ಚಿತ್ರದುರ್ಗ

ಉತ್ತರ: ನಿಮ್ಮ ಚಿಕ್ಕಮ್ಮ ಮತ್ತು ತಮ್ಮ ಇಬ್ಬರ ಪ್ರಮಾಣವೂ ಅವರವರಿಗೆ ಸರಿಯಾಗಿಯೇ ಇತ್ತು. ಅಷ್ಟೇ ಪ್ರಮಾಣದ ಕ್ಲೋಜಪಿನ್ ಕೊಟ್ಟರೆ ರಕ್ತದಲ್ಲಿನ ಮಟ್ಟ ಸಾಮಾನ್ಯವಾಗಿ ಹೆಂಗಸರಲ್ಲಿಯೇ ಹೆಚ್ಚಿರುತ್ತದೆ. ಅದರ ಜೊತೆಗೆ ಬೀಡಿ ಸಿಗರೇಟಿನ ಹೊಗೆಯಲ್ಲಿರುವ ವಸ್ತುಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಈ ಔಷಧಿಯನ್ನು ಬೇಗ ಕರಗಿಸುತ್ತವೆ. ನಮ್ಮಲ್ಲಿ ಸೇದುವವರು ಹೆಚ್ಚಾಗಿ ಗಂಡಸರೇ ಆದ್ದರಿಂದ ಅವರಿಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಹೊಗೆಸೊಪ್ಪು ಜಗಿದರೆ ಹೀಗಾಗುವುದಿಲ್ಲ, ಏಕೆಂದರೆ ಇದು ನಿಕೋಟಿನ್‌ನ ಕೆಲಸವಲ್ಲ, ಹೊಗೆಯ ಕೆಲಸ. ನಿಮ್ಮ ತಮ್ಮ ಬೀಡಿ ಬಿಟ್ಟಾಗ ಆ ಕಿಣ್ವ ಕೆಲವೇ ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿದೆ, ಮಾತ್ರೆ ಮಾತ್ರ ಸೇದುವವನಿಗೆ ಬರೆದಷ್ಟೇ ಇದೆ. ಬೀಡಿ ಬಿಟ್ಟದ್ದು ಒಳ್ಳೆಯದೇ, ಬಿಟ್ಟೇ ಇರಲಿ. ಪ್ರಮಾಣವನ್ನು ಇಳಿಸಬೇಕಾಗಿದೆ, ಅದನ್ನು ನೀವಾಗಿ ಇಳಿಸಬೇಡಿ. ಕ್ಲೋಜಪಿನ್‌ನಿಂದ ಬರುವ ಮಲಬದ್ಧತೆ ಕರುಳನ್ನೇ ಕಟ್ಟಿಬಿಡುವಷ್ಟು ಹೋಗಬಲ್ಲದು. ಈ ಔಷಧಿ ತೆಗೆದುಕೊಳ್ಳುವವರು ಆಗಾಗ ಮಾಡಿಸಬೇಕಾದ ಬಿಳಿ ರಕ್ತಕಣಗಳ ಪರೀಕ್ಷೆಯ ಮುಂದಿನ ದಿನದವರೆಗೆ ಕಾಯದೆ ಈ ವಾರವೇ ಅವನನ್ನು ಕರೆದುಕೊಂಡು ಹೋಗಿ, ಬೀಡಿ ಬಿಟ್ಟ ದಿನಾಂಕವನ್ನು ವೈದ್ಯರಿಗೆ ಮೊದಲು ಹೇಳಿ.